ಮಲ್ಲಿಯ ಪೊರೆ: ಒಂದು ಬಾಲ್ ಪೈಥಾನ್‌ನ 109 ದಿನಗಳು

"ಅಕ್ಕ, ಮಲ್ಲಿ ಉಸಿರಾಡುವಾಗ ಸಣ್ಣಗೆ ಶಬ್ದ ಬರ್ತಿದೆ. ಮೂಗಲ್ಲಿ ಪೊರೆ ಸಿಕ್ಕಿಕೊಂಡಿರಬೇಕು ಅಲ್ವಾ?"

ರಾತ್ರಿ ಹತ್ತು ಗಂಟೆಗೆ ಬಂದ ಫೋನು ಅದು. ಆ ಕಡೆ ಇದ್ದವನು ನನಗೆ ತಮ್ಮನ ಹಾಗೆ. ನಾನು ಹಾವು ಸಾಕುವುದನ್ನು ನೋಡಿಯೇ ಅವನೂ ಸಾಕಲು ಶುರು ಮಾಡಿದ್ದು. ಹಾಗಾಗಿ ಅವನ ಹಾವಿಗೆ ಏನಾದರೂ ಆದರೆ ಮೊದಲ ಫೋನು ನನಗೇ ಬರುತ್ತದೆ. ಮಲ್ಲಿ ಅವನ ಬಾಲ್ ಪೈಥಾನ್, ಅಂದರೆ ವಿಷವಿಲ್ಲದ, ಆಫ್ರಿಕಾ ಮೂಲದ ಚಿಕ್ಕ ಹೆಬ್ಬಾವು. ಐದು ವರ್ಷದ ಹೆಣ್ಣು.

ಈ ಪ್ರಕರಣವನ್ನು ದಿನದ ಲೆಕ್ಕ ಇಟ್ಟು ಬರೆಯುತ್ತಿದ್ದೇನೆ. ಆ ಫೋನು ಬಂದ ರಾತ್ರಿಯನ್ನು ಸೊನ್ನೆ ಅಂದುಕೊಳ್ಳಿ. ಆದರೆ ಕಥೆ ಶುರುವಾಗಿದ್ದು ಅದಕ್ಕೂ 13 ದಿನ ಮೊದಲು. ಆವತ್ತು ಅವನು ಒಂದು ಫೋಟೋ ಕಳಿಸಿದ್ದ. ಮಲ್ಲಿಯ ಮೈತುಂಬ ಹಳೆಯ ಪೊರೆ ತುಂಡು ತುಂಡಾಗಿ ಅಂಟಿಕೊಂಡಿತ್ತು. ನಾನು ಕೆಲಸದ ನಡುವೆ ನೋಡಿ "ತೇವಾಂಶ ಜಾಸ್ತಿ ಮಾಡು" ಅಂತ ಮೂರೇ ಮಾತು ಬರೆದು ಸುಮ್ಮನಾಗಿದ್ದೆ. ಆ ಮಾತು ತಪ್ಪಲ್ಲ. ಆದರೆ ಈಗ ಎಷ್ಟಿದೆ ಅಂತ ಕೇಳಲಿಲ್ಲ. ಎಷ್ಟಕ್ಕೆ ಏರಿಸಬೇಕು, ಹೇಗೆ ಏರಿಸಬೇಕು ಅಂತಲೂ ಹೇಳಲಿಲ್ಲ. ಮಲ್ಲಿಯ ಉಸಿರಲ್ಲಿ ಬಂದ ಆ ಶಬ್ದಕ್ಕೆ ಅರ್ಧ ಕಾರಣ ನನ್ನ ಉತ್ತರವೇ. ಇದನ್ನು ಬರೆಯಲು ಕೂತಿದ್ದೂ ಅದಕ್ಕೇ.

ಪೊರೆ ಯಾಕೆ ಅಂಟಿಕೊಳ್ಳುತ್ತದೆ

ಮೊದಲು ಪೊರೆಯ ವಿಷಯ ಸ್ವಲ್ಪ ಹೇಳಿಬಿಡುತ್ತೇನೆ. ಇದು ಗೊತ್ತಿದ್ದರೆ ಮುಂದೆ ಆಗಿದ್ದೆಲ್ಲ ಸುಲಭವಾಗಿ ಅರ್ಥವಾಗುತ್ತದೆ.

ಹಾವಿನ ಹೊರಚರ್ಮ ನಮ್ಮದರ ಹಾಗೆ ದಿನಾ ಪುಡಿಪುಡಿಯಾಗಿ ಉದುರುವುದಿಲ್ಲ. ಹಳೆಯ ಪದರದ ಕೆಳಗೆ ಹೊಸ ಪದರ ಪೂರ್ತಿ ತಯಾರಾಗುತ್ತದೆ. ಆಮೇಲೆ ಎರಡರ ನಡುವೆ ತೆಳ್ಳಗೆ ದ್ರವ ತುಂಬಿಕೊಂಡು ಹಳೆಯದನ್ನು ಬಿಡಿಸುತ್ತದೆ. ಆ ಹೊತ್ತಿಗೆ ಮೈ ಮಂಕಾಗುತ್ತದೆ, ಕಣ್ಣು ಹಾಲು ಬೆರೆಸಿದ ನೀಲಿಯ ಹಾಗೆ ಕಾಣುತ್ತದೆ. ಕೆಲವು ದಿನ ಬಿಟ್ಟು ಕಣ್ಣು ಮತ್ತೆ ತಿಳಿಯಾಗುತ್ತದೆ. ಅದಾಗಿ ಮೂರು ನಾಲ್ಕು ದಿನಕ್ಕೆ ಹಾವು ಮೂತಿಯನ್ನು ಒರಟು ಜಾಗಕ್ಕೆ ಉಜ್ಜುತ್ತದೆ. ತುಟಿಯ ಅಂಚಿನಲ್ಲಿ ಪೊರೆ ಬಿಚ್ಚುತ್ತದೆ. ಅಲ್ಲಿಂದ ಕಾಲುಚೀಲ ತಿರುವಿ ತೆಗೆದ ಹಾಗೆ, ಒಳಗಿನದು ಹೊರಗಾಗಿ ಪೊರೆ ಹಿಂದೆ ಸರಿಯುತ್ತಾ ಹೋಗುತ್ತದೆ. ಎಲ್ಲ ಸರಿಯಿದ್ದರೆ ಮೂತಿಯಿಂದ ಬಾಲದ ತುದಿಯ ತನಕ ಒಂದೇ ತುಂಡು.

ಮೈಯಲ್ಲಿ ನೀರು ಕಮ್ಮಿಯಾದರೆ ನಡುವಿನ ಆ ದ್ರವವೂ ಕಮ್ಮಿಯಾಗುತ್ತದೆ. ಸುತ್ತಲಿನ ಗಾಳಿಯೂ ಒಣಗಿದ್ದರೆ ಹಳೆಯ ಪದರ ಗರಿಗರಿಯಾಗಿ ಹೊಸದಕ್ಕೆ ಹಿಡಿದುಕೊಳ್ಳುತ್ತದೆ. ಇದು ಸಾಮಾನ್ಯ ಕಾರಣ. ಮೈಮೇಲೆ ನುಸಿ ಇರುವುದು, ಹಳೆಯ ಗಾಯದ ಗುರುತು, ಸರಿಯಾಗಿ ತಿನ್ನದಿರುವುದು, ಒಳಗೆ ಬೇರೆ ಕಾಯಿಲೆ ಇರುವುದು ಕೂಡ ಕಾರಣ ಆಗಬಹುದು. ಹಾಗಾಗಿ ಪೊರೆ ಅಂಟಿಕೊಂಡಿದ್ದನ್ನು ನಾನು ಕಾಯಿಲೆ ಅನ್ನುವುದಿಲ್ಲ. ಎಲ್ಲೋ ಏನೋ ಸರಿಯಿಲ್ಲ ಅಂತ ಅದು ಬರೆದು ಕೊಡುವ ಚೀಟಿ.

ಎರಡು ಜಾಗದಲ್ಲಿ ಮಾತ್ರ ಅಂಟಿದ ಪೊರೆಯೇ ಅಪಾಯ. ಒಂದು, ಬಾಲದ ತುದಿ. ಅಲ್ಲಿ ಹಳೆಯ ಪೊರೆ ಉಂಗುರದ ಹಾಗೆ ಉಳಿದುಕೊಂಡು, ಒಣಗಿ ಬಿಗಿಯುತ್ತದೆ. ಮುಂದಿನ ಸಲದ್ದೂ ಅದರ ಮೇಲೆ ಸೇರಿದರೆ ರಕ್ತ ಓಡಾಟ ನಿಂತು ತುದಿ ಸಾಯುತ್ತದೆ. ಇನ್ನೊಂದು, ಕಣ್ಣು. ಹಾವಿಗೆ ರೆಪ್ಪೆ ಇಲ್ಲ. ಕಣ್ಣನ್ನು ಗಾಜಿನಂಥ ಒಂದು ಹುರುಪೆ ಮುಚ್ಚಿರುತ್ತದೆ, ಅದರ ಹೊರಪದರವೂ ಪೊರೆಯ ಜೊತೆಗೇ ಕಳಚಬೇಕು. ನಾವು ಅದನ್ನು ಕಣ್ಣಿನ ಚಿಪ್ಪು ಅನ್ನುತ್ತೇವೆ. ಕಣ್ಣಿನ ಪೊರೆ ಅಂದರೆ ಮನುಷ್ಯರಿಗೆ ಬರುವ ಬೇರೆಯೇ ತೊಂದರೆ ನೆನಪಾಗುತ್ತದೆ, ಅದಕ್ಕೆ ಇಲ್ಲಿ ಆ ಮಾತು ಬಳಸುವುದಿಲ್ಲ. ಈ ಚಿಪ್ಪು ಉಳಿದುಕೊಂಡರೆ ಕಣ್ಣಿನ ಮೇಲೆ ಸುಕ್ಕು, ತಗ್ಗು ಕಾಣುತ್ತದೆ. ಅದನ್ನು ಚಿಮಟಿಗೆಯಲ್ಲಿ ಕೀಳಲು ಹೋದರೆ ಕೆಳಗಿರುವ ಜೀವಂತ ಹುರುಪೆಯೂ ಹರಿದು ಬರಬಹುದು. ಹಾಗಾದರೆ ಆ ಕಣ್ಣು ಉಳಿಯುವುದು ಕಷ್ಟ.

ಸೊನ್ನೆಯ ರಾತ್ರಿ

ಮೂಗಿನ ಹೊಳ್ಳೆಯಲ್ಲಿ ಪೊರೆ ಉಳಿದರೆ ಸಿಳ್ಳೆಯಂಥ ಶಬ್ದ ಬರುವುದು ನಿಜ. ಪೊರೆ ಬಿಡುವ ಮುಂಚೆಯೂ ಕೆಲವು ಹಾವು ಹಾಗೆ ಶಬ್ದ ಮಾಡುತ್ತವೆ. ಅದು ಒಣ ಶಬ್ದ. ಅದರಲ್ಲಿ ಲೋಳೆ ಇರುವುದಿಲ್ಲ, ಹಾವು ಬಾಯಿ ತೆರೆಯುವುದಿಲ್ಲ. ಅವನ ಊಹೆ ಸರಿಯಿರಬಹುದಿತ್ತು. ಅದಕ್ಕೆ ಮೂರು ಪ್ರಶ್ನೆ ಕೇಳಿದೆ. ಬಾಯಿ ಸ್ವಲ್ಪವಾದರೂ ತೆರೆದುಕೊಂಡಿದೆಯಾ? ತುಟಿಯ ಅಂಚಿನಲ್ಲಿ ಗುಳ್ಳೆ ಕಾಣುತ್ತಾ? ತಲೆಯನ್ನು ಮೇಲಕ್ಕೆ ಎತ್ತಿಕೊಂಡೇ ಕೂತಿದೆಯಾ?

ಟಾರ್ಚ್ ತರಲು ಹೋದವನು ವಾಪಸ್ ಬಂದು ಮೆಲ್ಲಗೆ ಹೇಳಿದ. "ಗುಳ್ಳೆ ಇದೆ ಅಕ್ಕ. ತಲೆನ ಗಾಜಿಗೆ ಒರಗಿಸಿ ಮೇಲೆ ಎತ್ತಿಕೊಂಡಿದ್ದಾಳೆ."

ಹಾವಿಗೆ ನಮ್ಮ ಹಾಗೆ ವಪೆ, ಅಂದರೆ ಎದೆ ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯು, ಇಲ್ಲ. ಕೆಮ್ಮಿ ಕಫ ಹೊರಗೆ ಹಾಕಲು ಅದಕ್ಕೆ ಆಗುವುದಿಲ್ಲ. ಲೋಳೆ ಶ್ವಾಸಕೋಶದಲ್ಲೇ ಕೂರುತ್ತದೆ. ತಲೆ ಎತ್ತಿ ಕೂರುವುದು ಗಾಳಿಗೆ ದಾರಿ ಮಾಡಿಕೊಳ್ಳುವ ಪ್ರಯತ್ನ. ಆ ಹಂತಕ್ಕೆ ಬಂದ ಹಾವಿಗೆ ಮನೆಮದ್ದು ಇಲ್ಲ. ಬೆಳಗ್ಗೆಯೇ ಸರೀಸೃಪಗಳನ್ನು ನೋಡುವ ಪಶುವೈದ್ಯರ ಹತ್ತಿರ ಹೋಗೋಣ ಅಂದೆ. ಆ ರಾತ್ರಿಗೆ ಎರಡೇ ಕೆಲಸ ಹೇಳಿದೆ. ನೀರು ಚಿಮುಕಿಸುವುದನ್ನು ನಿಲ್ಲಿಸು, ಟ್ಯಾಂಕ್ ಬೆಚ್ಚಗೆ ಇಡು. "ಕಣ್ಣಿಗೆ ಮಾತ್ರ ಕೈ ಹಾಕಬೇಡ ಕಣೋ" ಅಂತ ಕೊನೆಗೆ ಇನ್ನೊಂದು ಸಲ ಹೇಳಿದೆ. ಚಿಮಟಿಗೆ ಅವನ ಮೇಜಿನ ಮೇಲೆ ಆಗಲೇ ಬಂದು ಕೂತಿತ್ತು ಅಂತ ಆಮೇಲೆ ಗೊತ್ತಾಯಿತು.

ಮೊದಲ ದಿನ: ನೋಡಿದ್ದು, ತೂಗಿದ್ದು

ಬೆಳಗ್ಗೆ ಅವನ ಮನೆಗೆ ಹೋದಾಗ ಮೊದಲು ತಟ್ಟಿದ್ದು ವಾಸನೆ. ಮುಗ್ಗಲು ಹಿಡಿದ ಬಟ್ಟೆಯ ವಾಸನೆ. 90 ಸೆಂಟಿಮೀಟರ್ ಉದ್ದದ ಗಾಜಿನ ಟ್ಯಾಂಕ್. ಮೇಲೆ ಜಾಲರಿ ಮುಚ್ಚಳ, ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಬಿಗಿದಿದ್ದ. ಒಳಗಿನ ಗಾಜಿನ ತುಂಬ ಹನಿ. ಹಾಸಿದ ಕಾಗದ ಒತ್ತಿದರೆ ನೀರು ಬರುತ್ತಿತ್ತು. ನಾನು "ತೇವಾಂಶ ಜಾಸ್ತಿ ಮಾಡು" ಅಂದ ದಿನದಿಂದ ಬೆಳಗ್ಗೆ ಸಂಜೆ ನೀರು ಚಿಮುಕಿಸಿದ್ದ, ದಿನಾ ಅರ್ಧ ಗಂಟೆ ಮಲ್ಲಿಯನ್ನು ನೀರಲ್ಲಿ ಬಿಟ್ಟಿದ್ದ. ಬಿಸಿ ಬಲ್ಬು ಗಾಳಿಯನ್ನು ಒಣಗಿಸುತ್ತದೆ ಅಂತ ರಾತ್ರಿ ಅದನ್ನು ಆರಿಸುತ್ತಿದ್ದ. ಪ್ರತಿಯೊಂದನ್ನೂ ಅವಳಿಗೆ ಒಳ್ಳೆಯದಾಗಲಿ ಅಂತಲೇ ಮಾಡಿದ್ದ.

ಗಾಜಿನ ಮೇಲ್ಭಾಗದಲ್ಲಿ ಒಂದು ಮುಳ್ಳಿನ ತೇವಾಂಶ ಮೀಟರ್ ಅಂಟಿಸಿತ್ತು. ಅದು ಶೇಕಡಾ 61 ತೋರಿಸುತ್ತಿತ್ತು. ಗಾಜಲ್ಲಿ ನೀರು ಇಳಿಯುತ್ತಿದ್ದಾಗ 61!

"ಮೊದಲು ಎಷ್ಟು ತೋರಿಸ್ತಿತ್ತು?" ಅಂತ ಕೇಳಿದೆ.

"ಯಾವಾಗಲೂ 58 ಅಕ್ಕ. ಅದಕ್ಕೇ ತೇವಾಂಶ ಸರಿ ಇದೆ ಅಂದುಕೊಂಡಿದ್ದೆ. ನೀವು ಜಾಸ್ತಿ ಮಾಡು ಅಂದಾಗ, 58 ಸಾಲ್ತಾ ಇಲ್ಲ ಅಂತ ಅನ್ನಿಸ್ತು."

ಮಲ್ಲಿಯನ್ನು ತಕ್ಕಡಿಗೆ ಇಟ್ಟೆವು. 1,212 ಗ್ರಾಂ. ಅವನ ಪುಸ್ತಕದಲ್ಲಿ ನಾಲ್ಕು ತಿಂಗಳ ಹಿಂದಿನ ತೂಕ 1,380. ಅಂದರೆ 168 ಗ್ರಾಂ ಇಳಿದಿತ್ತು, ನೂರಕ್ಕೆ ಹನ್ನೆರಡರಷ್ಟು. ಬಾಲ್ ಪೈಥಾನ್ ತಿಂಗಳುಗಟ್ಟಲೆ ತಿನ್ನದೆ ಇರುವುದು ಹೊಸದೇನಲ್ಲ. ಆರೋಗ್ಯವಾಗಿದ್ದರೆ ಆ ಹೊತ್ತಲ್ಲಿ ತೂಕ ಅಷ್ಟಾಗಿ ಇಳಿಯುವುದಿಲ್ಲ. ಇಷ್ಟು ಇಳಿದಿದ್ದರೆ ಸುಮ್ಮನೆ ಬಿಡುವ ಹಾಗಿಲ್ಲ. ತೂಕ ಬರೆದಿಟ್ಟ ಅವನ ಅಭ್ಯಾಸ ಇಲ್ಲಿ ಬಹಳ ಉಪಯೋಗಕ್ಕೆ ಬಂತು. ಅದೇ ಪುಸ್ತಕದಲ್ಲಿ ಇನ್ನೊಂದು ವಿಷಯವೂ ಸಿಕ್ಕಿತು. ಹಿಂದಿನ ಎರಡು ಪೊರೆಯೂ ತುಂಡಾಗಿಯೇ ಬಂದಿದ್ದವು, ಉಳಿದಿದ್ದನ್ನು ಅವನು ಕೈಯಿಂದ ಬಿಡಿಸಿದ್ದ. ಇದು ಮೂರನೇ ಸಲ. ನನಗೆ ಹೇಳಿದ್ದು ಮೂರನೇ ಸಲಕ್ಕೆ ಮಾತ್ರ.

ಮೈ ಮೇಲೆ ಬೆರಳಿಟ್ಟು ಚರ್ಮವನ್ನು ಮೆಲ್ಲಗೆ ಮಡಚಿದರೆ ಮಡಿಕೆ ಹಾಗೇ ನಿಲ್ಲುತ್ತಿತ್ತು. ಸುತ್ತಲೆಲ್ಲ ನೀರಿದ್ದರೂ ಮೈಯೊಳಗೆ ನೀರಿರಲಿಲ್ಲ. ಕೆಳಗಿನ ಹೊಟ್ಟೆಯ ಎರಡು ಹುರುಪೆ ಕೆಂಪಾಗಿದ್ದವು. ಒದ್ದೆ ಹಾಸಿನ ಮೇಲೆ ಮಲಗಿದ ಹಾವಿಗೆ ಆಗುವ ಹುಣ್ಣಿನ ಶುರು ಅದು. ಬಿಳಿ ಟಿಶ್ಯೂ ಒದ್ದೆ ಮಾಡಿ ಗಲ್ಲದ ಕೆಳಗಿನ ಗೆರೆಯಲ್ಲಿ, ಕಣ್ಣಿನ ಸುತ್ತ ಒರೆಸಿ ನೋಡಿದೆವು. ನುಸಿ ಇದ್ದರೆ ಕರಿ ಎಳ್ಳಿಗಿಂತ ಸಣ್ಣ ಚುಕ್ಕೆ ಸಿಗಬೇಕು, ನೀರಿನ ಬಟ್ಟಲಲ್ಲೂ ತೇಲಬೇಕು. ಏನೂ ಇರಲಿಲ್ಲ. ಅಷ್ಟರ ಮಟ್ಟಿಗೆ ನಿರಾಳ.

ಡಾಕ್ಟರ ಮೇಜಿನ ಮೇಲೆ

ಡಾಕ್ಟರ್ ಮೊದಲು ಕಣ್ಣನ್ನು ನೋಡಲೇ ಇಲ್ಲ. ದೂರದಿಂದ ಎರಡು ನಿಮಿಷ ಮಲ್ಲಿ ಉಸಿರಾಡುವುದನ್ನು ನೋಡಿದರು. ಆಮೇಲೆ ಒದ್ದೆ ಬಟ್ಟೆಯ ತುಂಡೊಂದನ್ನು ಅವಳ ಬೆನ್ನ ಮೇಲೆ ಹಾಸಿ, ಅದರ ಮೇಲೆ ಸ್ಟೆತಸ್ಕೋಪ್ ಇಟ್ಟರು. ಬರೀ ಮೈಗೆ ಇಟ್ಟರೆ ಹುರುಪೆ ಉಜ್ಜುವ ಶಬ್ದವೇ ಕಿವಿ ತುಂಬುತ್ತದಂತೆ. ನಮಗೂ ಕೇಳಿಸಿದರು. ಗೊರ ಗೊರ ಅನ್ನುವ ಒದ್ದೆ ಶಬ್ದ.

ಮೆತ್ತನೆಯ ಪ್ಲಾಸ್ಟಿಕ್ ಪಟ್ಟಿಯಿಂದ ಬಾಯಿ ತೆರೆದಾಗ ಮೇಲಿನ ದವಡೆಯಿಂದ ಕೆಳಗಿನದಕ್ಕೆ ಲೋಳೆ ಎಳೆಯಾಗಿ ಜೋತುಬಿದ್ದಿತ್ತು. ಹಾವಿನ ಉಸಿರುಕೊಳವೆಯ ಬಾಯಿ ನಾಲಿಗೆಯ ಹಿಂದೆಯೇ, ಬಾಯಿಯ ನೆಲದಲ್ಲಿ ಕಾಣುತ್ತದೆ. ಪುಟ್ಟ ಸೀಳಿನ ಹಾಗೆ ಅದು ತೆರೆದು ಮುಚ್ಚುತ್ತಿರುತ್ತದೆ. ಪ್ರತಿ ಸಲ ತೆರೆದಾಗಲೂ ಅಲ್ಲಿ ಒಂದು ಗುಳ್ಳೆ ಎದ್ದು ಒಡೆಯುತ್ತಿತ್ತು. ಒಸಡು ಸ್ವಲ್ಪ ಕೆಂಪಗಿತ್ತು. ಅಲ್ಲಿಂದ ಎರಡು ಸ್ವಾಬ್ ತೆಗೆದರು. ಒಂದು ಬ್ಯಾಕ್ಟೀರಿಯಾ ಬೆಳೆಸಿ ನೋಡಲು, ಇನ್ನೊಂದು ವೈರಸ್ ಪರೀಕ್ಷೆಗೆ. ಬಾಲ್ ಪೈಥಾನ್‌ಗಳಲ್ಲಿ ಉಸಿರಾಟದ ಕಾಯಿಲೆ ತರುವ ನಿಡೋವೈರಸ್ ಒಂದಿದೆ. 2014ರಲ್ಲಿ ಅದರ ವಿವರ ಪ್ರಕಟವಾಯಿತು. ಈ ಎರಡರ ಹೊರಗಿನ ಲಕ್ಷಣ ನೋಡಿ ಇದೇ ಅಂತ ಹೇಳಲು ಬರುವುದಿಲ್ಲ, ಅದಕ್ಕೆ ಪರೀಕ್ಷೆ ಮಾಡಿಸಲೇಬೇಕು.

"ಡಾಕ್ಟ್ರೇ, ಕಣ್ಣು?" ಅಂತ ಇವನು ತಡೆಯಲಾರದೆ ಕೇಳಿದ.

"ಕಣ್ಣಿನದು ಮುಂದಿನ ಪೊರೆಯವರೆಗೆ ಕಾಯಬಹುದು. ಉಸಿರಿನದು ಕಾಯಲ್ಲ" ಅಂದರು.

ಆದರೂ ಸಲೈನ್‌ನಲ್ಲಿ ನೆನೆಸಿದ ಹತ್ತಿಯನ್ನು ಎರಡೂ ಕಣ್ಣಿನ ಮೇಲೆ ಕೆಲವು ನಿಮಿಷ ಹಿಡಿದರು. ಬಲಗಣ್ಣಿನ ಚಿಪ್ಪಿನ ಅಂಚು ತಾನಾಗಿ ಎದ್ದಿತು. ಹತ್ತಿಯಿಂದಲೇ ಸವರಿದಾಗ ಸಿಪ್ಪೆಯ ಹಾಗೆ ಬಂತು. ಎಡಗಣ್ಣಿನದು ಅಲ್ಲಾಡಲಿಲ್ಲ. ಬಿಟ್ಟುಬಿಟ್ಟರು. ಗೊತ್ತಿರುವ ಕೈ ಎಲ್ಲಿ ನಿಲ್ಲುತ್ತದೆ ಅನ್ನುವುದನ್ನು ನಾನು ಆವತ್ತು ಗಮನವಿಟ್ಟು ನೋಡಿದೆ. ಬಾಲದ ಉಂಗುರಗಳನ್ನು ಮಾತ್ರ ಬಿಡಲಿಲ್ಲ. ಬೆಚ್ಚಗಿನ ನೀರಲ್ಲಿ ನೆನೆಸಿ, ಹೆಬ್ಬೆರಳಲ್ಲಿ ಬುಡದಿಂದ ತುದಿಯ ಕಡೆಗೆ ಸವರುತ್ತಾ ಮೂರು ಪದರ ತೆಗೆದರು. ಮೂರು ಸಲದ ಪೊರೆಯ ಮೂರು ಉಂಗುರ. ಕೆಳಗಿನ ಒಂದು ಸೆಂಟಿಮೀಟರ್ ಆಗಲೇ ಕಪ್ಪಾಗಿ ಒಣಗಿತ್ತು.

ಚರ್ಮದ ಕೆಳಗೆ ದ್ರವ ಕೊಟ್ಟರು. ಆಂಟಿಬಯಾಟಿಕ್ ಸೆಫ್ಟಜಿಡೈಮ್. ಹಾವಿನ ಮೈಯಲ್ಲಿ ಅದು ನಿಧಾನ ಕರಗುವುದರಿಂದ 72 ಗಂಟೆಗೆ ಒಂದು ಇಂಜೆಕ್ಷನ್, ಒಟ್ಟು ಏಳು. ಎಷ್ಟು ಕೊಡಬೇಕು ಅನ್ನುವುದು ತೂಕ ನೋಡಿ ಡಾಕ್ಟರ್ ಹೇಳಬೇಕಾದ ಮಾತು, ಇಲ್ಲಿ ಬರೆಯುವುದಿಲ್ಲ. ಸಿರಿಂಜ್‌ಗಳಿಗೆ ಔಷಧಿ ತುಂಬಿ ಫ್ರೀಜರ್‌ನಲ್ಲಿಡಲು ಕೊಟ್ಟರು. ಕೊಡುವುದನ್ನೂ ಕಲಿಸಿದರು. ಸೂಜಿ ಹುರುಪೆಯನ್ನು ತೂತು ಮಾಡಬಾರದು, ಎರಡು ಹುರುಪೆಗಳ ಸಂದಿಯಲ್ಲಿ ಓರೆಯಾಗಿ ಜಾರಬೇಕು. ಮೈಯ ಮುಂಭಾಗದ ಸ್ನಾಯುವಿಗೇ ಕೊಡಬೇಕು, ಯಾಕೆಂದರೆ ಹಾವಿನ ಹಿಂಭಾಗದ ರಕ್ತ ಮೊದಲು ಮೂತ್ರಪಿಂಡದ ಮೂಲಕ ಹಾದುಹೋಗಬಹುದು.

ಹೊರಡುವಾಗ ಅವರು ಒತ್ತಿ ಹೇಳಿದ್ದು ಶಾಖದ ಬಗ್ಗೆ. ಹಾವಿಗೆ ತನ್ನ ಮೈಯಲ್ಲಿ ಶಾಖ ಮಾಡಿಕೊಳ್ಳುವ ಶಕ್ತಿ ಇಲ್ಲ. ಸುತ್ತ ತಣ್ಣಗಿದ್ದರೆ ಅದರ ರೋಗ ತಡೆಯುವ ಶಕ್ತಿಯೂ ಮಲಗುತ್ತದೆ, ಔಷಧಿಯೂ ಸರಿಯಾಗಿ ಕೆಲಸ ಮಾಡುವುದಿಲ್ಲ. ಬೆಚ್ಚಗಿನ ಕಡೆ 32 ಡಿಗ್ರಿ, ತಂಪಿನ ಕಡೆ 27. ರಾತ್ರಿಯೂ 26ಕ್ಕಿಂತ ಕೆಳಗೆ ಹೋಗಬಾರದು. ಸ್ನಾನ ಬೇಡ.

ಉಪ್ಪಿನ ಪರೀಕ್ಷೆ

ಮಲ್ಲಿಯನ್ನು ಗಾಳಿ ತೂತುಗಳಿರುವ ಪ್ಲಾಸ್ಟಿಕ್ ಪೆಟ್ಟಿಗೆಗೆ ಬದಲಿಸಿದೆವು. ಕೆಳಗೆ ಒಣ ಟಿಶ್ಯೂ, ಒಂದು ಕಡೆ ಥರ್ಮೋಸ್ಟಾಟ್ (ಶಾಖ ಹದ ಮೀರದಂತೆ ನೋಡಿಕೊಳ್ಳುವ ಸಾಧನ) ಇರುವ ಹೀಟ್ ಮ್ಯಾಟ್, ಅಡಗಿ ಕೂರಲು ಒಂದು ಡಬ್ಬಿ, ನೀರು. ಕಾಯಿಲೆಯ ಹಾವಿಗೆ ಬಿಳಿ ಟಿಶ್ಯೂ ಒಳ್ಳೆಯದು. ಲೋಳೆ ಬಿದ್ದರೂ ಕಾಣುತ್ತದೆ, ಹಿಕ್ಕೆಯ ಬಣ್ಣವೂ ಕಾಣುತ್ತದೆ. ಅದೇ ಕೋಣೆಯಲ್ಲಿ ಅವನ ಇನ್ನೊಂದು ಹಾವು ಇತ್ತು. ಅದನ್ನು ಬೇರೆ ಕೋಣೆಗೆ ಕಳಿಸಿದೆವು. ದಿನಾ ಅದರ ಕೆಲಸ ಮೊದಲು ಮುಗಿಸಿ, ಕೊನೆಗೆ ಮಲ್ಲಿ. ಇಕ್ಕಳ, ಬಟ್ಟಲು ಎಲ್ಲ ಬೇರೆ ಬೇರೆ.

ಈಗ ಖಾಲಿ ಟ್ಯಾಂಕ್ ನಮ್ಮ ಕೈಲಿತ್ತು. ಆ ಮುಳ್ಳಿನ ಮೀಟರ್ ನನ್ನ ತಲೆಯಿಂದ ಹೋಗಿರಲಿಲ್ಲ. ಒಂದು ಬಾಟಲಿಯ ಮುಚ್ಚಳಕ್ಕೆ ಉಪ್ಪು ಹಾಕಿ, ಕೆಲವೇ ಹನಿ ನೀರು ಬೆರೆಸಿ, ಒದ್ದೆ ಮರಳಿನ ಹಾಗೆ ಮಾಡಿದೆವು. ಉಪ್ಪು ಪೂರ್ತಿ ಕರಗಬಾರದು. ಅದನ್ನು ಗಾಳಿಯಾಡದ ಡಬ್ಬಿಯಲ್ಲಿಟ್ಟು, ಪಕ್ಕದಲ್ಲಿ ಹಳೆಯ ಮೀಟರ್, ಹೊಸದಾಗಿ ತಂದ ಡಿಜಿಟಲ್ ಮೀಟರ್ ಎರಡನ್ನೂ ಇಟ್ಟು ಮುಚ್ಚಿದೆವು. ಅಂಥ ಡಬ್ಬಿಯೊಳಗೆ ತೇವಾಂಶ ಶೇಕಡಾ 75ಕ್ಕೆ ಬಂದು ನಿಲ್ಲುತ್ತದೆ. ಮೀಟರ್ ಸರಿಯಿದೆಯೋ ಇಲ್ಲವೋ ತಿಳಿಯಲು ಇದಕ್ಕಿಂತ ಸುಲಭದ ದಾರಿ ಇಲ್ಲ.

ಮಾರನೆಯ ಬೆಳಗ್ಗೆ ಡಿಜಿಟಲ್ 74 ತೋರಿಸಿತು. ಮುಳ್ಳು 60ರಲ್ಲಿ ನಿಂತಿತ್ತು. ಬೆರಳಿಂದ ತಟ್ಟಿದರೂ ಕದಲಲಿಲ್ಲ.

ಆಮೇಲೆ ಟ್ಯಾಂಕನ್ನು ಒಣಗಿಸಿ, ಮೊದಲಿನ ಹಾಗೇ ಜೋಡಿಸಿ, ಪ್ಲಾಸ್ಟಿಕ್ ಹಾಳೆ ತೆಗೆದು, ಬಲ್ಬು ಹಾಕಿ ಒಂದು ದಿನ ಬಿಟ್ಟೆವು. ಹಾವು ಮಲಗುವ ಮಟ್ಟದಲ್ಲಿ ಡಿಜಿಟಲ್ ಮೀಟರ್ ಇಟ್ಟಿದ್ದೆವು. ಬೆಚ್ಚಗಿನ ಕಡೆ 29, ತಂಪಿನ ಕಡೆ 38. ಬಾಲ್ ಪೈಥಾನ್‌ಗೆ ಬೇಕಾದ್ದು 55ರಿಂದ 65, ಪೊರೆಯ ಹೊತ್ತಲ್ಲಿ ಇನ್ನೂ ಸ್ವಲ್ಪ ಜಾಸ್ತಿ. ಜಾಲರಿಯ ಮೇಲೆ ಬಲ್ಬು ಇಟ್ಟಿದ್ದರಿಂದ ಬಿಸಿ ಗಾಳಿ ಮೇಲಕ್ಕೆ ಎದ್ದು ತೇವವನ್ನು ಎಳೆದುಕೊಂಡು ಹೋಗುತ್ತಿತ್ತು. ತಿಂಗಳುಗಟ್ಟಲೆ ಮಲ್ಲಿ ಈ ಒಣ ಗಾಳಿಯಲ್ಲಿ ಇದ್ದಳು, ಮೀಟರ್ ಮಾತ್ರ 58 ಅನ್ನುತ್ತಲೇ ಇತ್ತು.

ಇನ್ನೊಂದು ದಿನ ಪ್ಲಾಸ್ಟಿಕ್ ಹಾಳೆ ಬಿಗಿದು, ಅವನು ಮಾಡುತ್ತಿದ್ದ ಹಾಗೇ ನೀರು ಚಿಮುಕಿಸಿದೆವು. ಒಂದು ಗಂಟೆಯೊಳಗೆ 96. ರಾತ್ರಿ ಬಲ್ಬು ಆರಿಸಿದ ಮೇಲೆ ಶಾಖ 21 ಡಿಗ್ರಿಗೆ ಇಳಿಯಿತು. ಮುಳ್ಳು 61.

ಅವನು ಬಹಳ ಹೊತ್ತು ಮಾತಾಡಲಿಲ್ಲ. ನಾನೂ. ಒಣ ಗಾಳಿಯಿಂದ ಪೊರೆ ಅಂಟಿಕೊಂಡಿತ್ತು, ಮೈ ಸೊರಗಿತ್ತು. ಅದನ್ನು ಸರಿಮಾಡಲು ಹೋಗಿ ನಾವು ಗಾಳಿಯಾಡದ, ತಣ್ಣಗಿನ, ಒದ್ದೆ ಪೆಟ್ಟಿಗೆ ಮಾಡಿ ಅದರೊಳಗೆ ಸೊರಗಿದ ಹಾವನ್ನು ಇಟ್ಟಿದ್ದೆವು. ಬ್ಯಾಕ್ಟೀರಿಯಾಕ್ಕೆ ಇದಕ್ಕಿಂತ ಅನುಕೂಲ ಬೇರೆ ಬೇಕಾ? ಗಾಳಿಯಲ್ಲಿ ತೇವ ಇರುವುದು ಬೇರೆ, ಹೊಟ್ಟೆಯ ಕೆಳಗೆ ಒದ್ದೆ ಇರುವುದು ಬೇರೆ. ನನ್ನ ಮೂರು ಮಾತಲ್ಲಿ ಈ ವ್ಯತ್ಯಾಸ ಇರಲೇ ಇಲ್ಲ.

ಇಂಜೆಕ್ಷನ್‌ನ ದಿನಗಳು

ಪರೀಕ್ಷೆಯ ಫಲಿತಾಂಶ ಬಂತು. ಗ್ರಾಂ ನೆಗೆಟಿವ್ ಅನ್ನುವ ಗುಂಪಿನ ಬ್ಯಾಕ್ಟೀರಿಯಾ, ಕೊಡುತ್ತಿರುವ ಔಷಧಿಗೆ ಬಗ್ಗುವಂಥದ್ದೇ. ವೈರಸ್ ಇಲ್ಲ. ವೈರಸ್ ಪರೀಕ್ಷೆಯನ್ನು ಮುಂದೆ ಇನ್ನೊಂದು ಸಲ ಮಾಡಿಸಬೇಕು ಅಂದರು, ಒಂದೇ ಸ್ವಾಬ್‌ನಲ್ಲಿ ತಪ್ಪಿಹೋಗಬಹುದು ಅಂತ.

ಎಂಟನೆಯ ದಿನ ಶಬ್ದ ನಿಂತಿತು. ಮೂರು ಇಂಜೆಕ್ಷನ್ ಆಗಿತ್ತು. ಅವನ ಫೋನು ಬಂತು. "ಅಕ್ಕ, ಪೂರ್ತಿ ಹುಷಾರಾಗಿದ್ದಾಳೆ. ಪಾಪ, ಸೂಜಿ ನೋಡಿದ್ರೆ ಸುರುಳಿ ಸುತ್ತಿ ತಲೆ ಬಚ್ಚಿಡ್ತಾಳೆ. ಇಲ್ಲಿಗೇ ನಿಲ್ಲಿಸೋಣ್ವಾ?"

ಅವನ ಸಂಕಟ ನನಗೆ ಗೊತ್ತಾಗುತ್ತದೆ. ಸಾಕಿದ ಜೀವಕ್ಕೆ ನಾವೇ ಸೂಜಿ ಚುಚ್ಚುವುದು ಸುಲಭ ಅಲ್ಲ. ಆದರೆ ಹಾವಿನ ಕೀವು ನೀರಾಗಿರುವುದಿಲ್ಲ, ಗಟ್ಟಿ ಮುದ್ದೆಯಾಗಿ ಕೂರುತ್ತದೆ. ಹೊರಗೆ ಶಬ್ದ ನಿಂತರೂ ಒಳಗೆ ಉಳಿದಿರಬಹುದು. ಅರ್ಧಕ್ಕೆ ಬಿಟ್ಟ ಔಷಧಿಯಿಂದ ಮರಳಿ ಬಂದ ಕಾಯಿಲೆಯನ್ನು ನಾನು ನೋಡಿದ್ದೇನೆ, ಎರಡನೇ ಸಲ ಅದು ಅದೇ ಔಷಧಿಗೆ ಬಗ್ಗದೆ ಇರಬಹುದು. "ಏಳು ಅಂದ್ರೆ ಏಳು. ಉಳಿದ ನಾಲ್ಕಕ್ಕೂ ನಾನೇ ಬಂದು ಹಿಡ್ಕೋತೀನಿ" ಅಂದೆ. ಹಾಗೇ ಹೋದೆ. ಕೊನೆಯದು 19ನೆಯ ದಿನ ಆಯಿತು. ಡಾಕ್ಟರ್ ಮತ್ತೆ ಒದ್ದೆ ಬಟ್ಟೆ ಹಾಸಿ ಕೇಳಿದರು. ಎರಡೂ ಕಡೆ ತಿಳಿಯಾಗಿತ್ತು.

ನಡುವೆ 12ನೆಯ ದಿನ, ಉಸಿರು ಸರಿಯಾದ ಮೇಲೆ, ಮೈಮೇಲಿನ ಪೊರೆಯ ಕೆಲಸ ಮಾಡಿದೆವು. ಅದು ಅರ್ಧ ಗಂಟೆಯ ಕೆಲಸ. ಬೆಚ್ಚಗಿನ ನೀರಲ್ಲಿ ಹಿಂಡಿದ ಟವೆಲನ್ನು ಡಬ್ಬಿಗೆ ಸಡಿಲವಾಗಿ ತುಂಬಿ, ಅದರ ಮಡಿಕೆಗಳಲ್ಲಿ ಮಲ್ಲಿಯನ್ನು ತನ್ನಷ್ಟಕ್ಕೆ ಹರಿದಾಡಲು ಬಿಟ್ಟೆವು. ನಾವು ಒಂದು ತುಂಡನ್ನೂ ಎಳೆಯಲಿಲ್ಲ. ಅವಳು ಹೊರಗೆ ಬಂದಾಗ ಟವೆಲಿನ ತುಂಬ ಈರುಳ್ಳಿ ಸಿಪ್ಪೆಯಂಥ ತುಂಡುಗಳು. ಈ ಕೆಲಸ ಇಷ್ಟು ಸುಲಭ. ಹದಿಮೂರು ದಿನ ನೀರಲ್ಲಿ ನೆನೆಸುವ ಅಗತ್ಯವೇ ಇರಲಿಲ್ಲ.

ಟ್ಯಾಂಕ್ ಬದಲಾಯಿತು

ಜಾಲರಿಯ ಮುಕ್ಕಾಲು ಭಾಗವನ್ನು ಅಕ್ರಿಲಿಕ್ ಹಾಳೆಯಿಂದ ಮುಚ್ಚಿ, ಕಾಲು ಭಾಗ ಗಾಳಿಗೆ ಬಿಟ್ಟೆವು. ಬಲ್ಬು ತೆಗೆದು, ಥರ್ಮೋಸ್ಟಾಟ್ ಹಿಡಿತದಲ್ಲಿ ಹಗಲು ರಾತ್ರಿ ಒಂದೇ ಸಮ ಇರುವ ಹೀಟ್ ಪ್ಯಾನೆಲ್ ಹಾಕಿದೆವು. ಕಾಗದದ ಬದಲು ದಪ್ಪಗೆ ತೆಂಗಿನ ಸಿಪ್ಪೆಯ ಚೂರು. ನೀರನ್ನು ಚಿಮುಕಿಸುವುದಿಲ್ಲ, ಮೂಲೆಯಲ್ಲಿ ಸುರಿಯುತ್ತೇವೆ. ಅದು ಅಡಿಗೆ ಇಳಿದು, ಕೆಳಗಿನ ಪದರ ಹಸಿಯಾಗಿ, ಮೇಲಿನದು ಒಣಗಿಯೇ ಇರುತ್ತದೆ. ನೀರಿನ ಬಟ್ಟಲು ದೊಡ್ಡದಾಯಿತು. ಎರಡು ಕಡೆಯೂ ಅಡಗಿ ಕೂರುವ ಡಬ್ಬಿ. ಮೂರನೆಯ ಡಬ್ಬಿಯಲ್ಲಿ ಹಿಂಡಿದ ಹಸಿ ಪಾಚಿ. ಪೊರೆಯ ಹೊತ್ತಲ್ಲಿ ಬೇಕೆನಿಸಿದರೆ ಅವಳೇ ಅಲ್ಲಿಗೆ ಹೋಗಬಹುದು. ಮೂತಿ ಉಜ್ಜಲು ಒರಟು ಮರದ ತುಂಡು. ಹಿಂದಿನ ಟ್ಯಾಂಕಿನಲ್ಲಿ ಒರಟಾದ ವಸ್ತು ಒಂದೂ ಇರಲಿಲ್ಲ ಅನ್ನುವುದನ್ನು ನಾನು ಗಮನಿಸಿದ್ದೇ ಇದನ್ನು ಇಡುವಾಗ.

ಮಲ್ಲಿ ಒಳಗೆ ಹೋಗುವ ಮುಂಚೆ ಮೂರು ದಿನ ಖಾಲಿ ಓಡಿಸಿ ನೋಡಿದೆವು. 58ರಿಂದ 64. ಈ ಸಲದ 58 ನಿಜವಾದದ್ದು.

ಊಟಕ್ಕೆ ಆತುರ ಮಾಡಲಿಲ್ಲ. ಕಾಯಿಲೆ ಬಿದ್ದ ಹಾವಿಗೆ ದೊಡ್ಡ ಇಲಿ ಕೊಟ್ಟರೆ ಕಕ್ಕಿಬಿಡುತ್ತದೆ, ಕಕ್ಕಿದರೆ ಇನ್ನೂ ನೀರು ಕಳೆದುಕೊಳ್ಳುತ್ತದೆ. ಮೂವತ್ತನೆಯ ದಿನ ತೂಕ 1,184. ಆವತ್ತು ಸಂಜೆ 70 ಗ್ರಾಂನ ಇಲಿಯನ್ನು ಬೆಚ್ಚಗೆ ಮಾಡಿ ಇಕ್ಕಳದಲ್ಲಿ ಹಿಡಿದ. ಅವಳ ಮಾಮೂಲಿ ಊಟಕ್ಕಿಂತ ಚಿಕ್ಕದು. ಹತ್ತು ನಿಮಿಷ ನಾಲಿಗೆ ಆಡಿಸುತ್ತಾ ನೋಡಿದಳು. ಆಮೇಲೆ ಇಕ್ಕಳವೇ ಕೈಯಿಂದ ಹಾರಿತು. ಅವನ ಮೆಸೇಜಿನಲ್ಲಿ ಒಂದೇ ಪದ ಇತ್ತು: "ತಿಂದಳು." ವಾರ ಬಿಟ್ಟು ಹಿಕ್ಕೆ ಬಂತು, ಜೊತೆಗೆ ಬಿಳಿಯ ಮೆತ್ತನೆಯ ಯೂರೇಟ್, ಅಂದರೆ ಹಾವಿನ ಗಟ್ಟಿ ಮೂತ್ರ. ಹಿಂದೆ ಅದು ಹಳದಿಯಾಗಿ ಕಲ್ಲಿನ ಹಾಗೆ ಬರುತ್ತಿತ್ತಂತೆ. ಮೈಯಲ್ಲಿ ನೀರು ಕಮ್ಮಿ ಅಂತ ಅದೂ ಹೇಳುತ್ತಿತ್ತು.

ಅರವತ್ತೊಂದನೆಯ ದಿನ

48ನೆಯ ದಿನ ಮೈ ಮಂಕಾಯಿತು. 52ಕ್ಕೆ ಕಣ್ಣು ನೀಲಿ. ಎಡಗಣ್ಣು ಬಲಕ್ಕಿಂತ ಹೆಚ್ಚು ಮಬ್ಬಾಗಿತ್ತು. ಮಲ್ಲಿ ಪಾಚಿಯ ಡಬ್ಬಿಗೆ ಹೋಗಿ ಕೂತಳು. ನಾವು ಮುಟ್ಟಲಿಲ್ಲ, ಊಟ ಕೊಡಲಿಲ್ಲ, ಸ್ನಾನ ಮಾಡಿಸಲಿಲ್ಲ. ತೇವಾಂಶ 70ರ ಹತ್ತಿರ ಇರುವ ಹಾಗೆ ನೋಡಿಕೊಂಡೆವು, ಅಷ್ಟೇ. 57ಕ್ಕೆ ಕಣ್ಣು ತಿಳಿಯಾಯಿತು. ಅಲ್ಲಿಂದ ಮುಂದಿನ ನಾಲ್ಕು ದಿನ ಏನೂ ಮಾಡದೆ ಸುಮ್ನೆ ಕೂರುವುದೇ ಅವನಿಗೆ ಎಲ್ಲಕ್ಕಿಂತ ಕಷ್ಟವಾಗಿತ್ತು.

61ನೆಯ ದಿನ ಬೆಳಗ್ಗೆ ಮರದ ತುಂಡಿಗೆ ಸಿಕ್ಕಿಸಿಟ್ಟ ಹಾಗೆ ಪೊರೆ ಬಿದ್ದಿತ್ತು. ಇನ್ನೂ ಹಸಿಯಾಗಿತ್ತು, ಒಂದೇ ತುಂಡು. ಮೇಜಿನ ಮೇಲೆ ನಿಧಾನಕ್ಕೆ ಬಿಡಿಸಿ, ತಲೆಯ ಭಾಗವನ್ನು ಬೆಳಕಿಗೆ ಹಿಡಿದೆವು. ಬಲಗಣ್ಣಿನ ಜಾಗದಲ್ಲಿ ತೆಳ್ಳಗಿನ ಗುಮ್ಮಟದಂಥ ಚಿಪ್ಪು. ಎಡಗಣ್ಣಿನದು ದಪ್ಪ, ಸ್ವಲ್ಪ ಕಂದು. ಭೂತಗನ್ನಡಿಯಲ್ಲಿ ನೋಡಿದಾಗ ಒಂದರೊಳಗೆ ಒಂದು ಕೂತ ಎರಡು ಚಿಪ್ಪು. ಹಿಂದಿನ ಸಲದ್ದೂ ಈ ಸಲದ್ದರ ಜೊತೆಗೇ ಬಂದಿತ್ತು. ಅವನು ಓಡಿ ಹೋಗಿ ಟಾರ್ಚ್ ಹಾಕಿ ಮಲ್ಲಿಯ ಎಡಗಣ್ಣು ನೋಡಿದ. ಕರಿ ಮಣಿಯ ಹಾಗೆ ಹೊಳೆಯುತ್ತಿತ್ತು. ಸುಕ್ಕಿಲ್ಲ, ತಗ್ಗಿಲ್ಲ.

ಬಾಲದ ತುದಿಯ ಆ ಒಣಗಿದ ಸೆಂಟಿಮೀಟರ್ ಪೊರೆಯ ಜೊತೆಗೇ ಕಳಚಿಹೋಗಿತ್ತು. ರಕ್ತ ಬಂದಿರಲಿಲ್ಲ. ಅದು ಮತ್ತೆ ಬೆಳೆಯುವುದಿಲ್ಲ. ಎರಡನೇ ಪೊರೆ ತುಂಡಾದಾಗ ಯಾರಾದರೂ ಒಂದು ಮೀಟರ್ ಪರೀಕ್ಷಿಸಿದ್ದರೆ ಅದು ಉಳಿಯುತ್ತಿತ್ತು.

75ನೆಯ ದಿನ ತೂಕ 1,290. ಎರಡನೆಯ ವೈರಸ್ ಪರೀಕ್ಷೆಯಲ್ಲೂ ಏನೂ ಸಿಗಲಿಲ್ಲ. 109ನೆಯ ದಿನ ಮುಂದಿನ ಪೊರೆ ಬಂತು, ತೂಕ 1,346. ಆವತ್ತು ಅವನು ಕೇಳದೆಯೇ ನಾಲ್ಕು ಫೋಟೋ ಕಳಿಸಿದ: ಬಲಗಣ್ಣಿನ ಚಿಪ್ಪು, ಎಡಗಣ್ಣಿನ ಚಿಪ್ಪು, ದುಂಡಗಾದ ಬಾಲದ ತುದಿ, ಮತ್ತು ಉಪ್ಪಿನ ಡಬ್ಬಿಯಲ್ಲಿ 75 ತೋರಿಸುತ್ತಿರುವ ಮೀಟರ್.